ಪಕ್ಕದ ಮಂಚದಾಕೆ

ಮೂತ್ರಪಿಂಡಗಳು ಕೈಕೊಟ್ಟ ಮೇಲೆ ವಾರಕ್ಕೆ ಎರಡು ದಿನ ಅಫಜಲಪುರದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗುತ್ತೇನೆ. ಜೊತೆಗೆ ಬರುವವರಿಲ್ಲ. ಗಂಡ ತೀರಿಕೊಂಡು ಇಪ್ಪತ್ತು ವರ್ಷವಾಯಿತು, ಮಕ್ಕಳಾಗಲಿಲ್ಲ.

ನಾನು ನರ್ಸಾಗಿದ್ದವಳು. ಆಳಂದದ ಕಡೆ ನರೋಣಾದಲ್ಲಿ ಬಹಳ ವರ್ಷ, ಕೊನೆಗೆ ಇದೇ ಆಸ್ಪತ್ರೆಯಲ್ಲಿ ಮೂರು ವರ್ಷ. ನರೋಣಾದಲ್ಲಿ ನಾನು ಬೀದಿಗಿಳಿದರೆ ಕಟ್ಟೆಯ ಮೇಲಿನ ಗಂಡಸರೂ ‘ನರ್ಸಬಾಯಿ ಬಂದ್ರು’ ಎಂದು ಎದ್ದು ನಿಲ್ಲುತ್ತಿದ್ದರು. ಇಲ್ಲೀಗ ಸೂಜಿ ಚುಚ್ಚುವ ಹುಡುಗಿ ‘ಆಯಿ, ಕೈ ಚಾಚ್ರಿ’ ಎನ್ನುತ್ತಾಳೆ. ‘ನಾ ಇಲ್ಲೇ ಸಿಸ್ಟರ್ ಇದ್ದೆ’ ಎಂದು ಅವಳಿಗೆ ಎರಡು ಸಲ ಹೇಳಿದೆ. ‘ಹೌದೇನ್ರಿ’ ಎಂದು ನಕ್ಕು ಮುಂದಿನ ಮಂಚಕ್ಕೆ ಹೋದಳು. ಅವಳ ತಪ್ಪೇನೂ ಇರಲಿಲ್ಲ. ಆದರೂ ಆ ದಿನ ಮನೆಗೆ ಬಂದು ಊಟ ಮಾಡಲಿಲ್ಲ.

ಪಕ್ಕದ ಮಂಚಕ್ಕೆ ಮಣ್ಣೂರಿನ ಮುದುಕಿಯೊಬ್ಬಳು ಬರುತ್ತಿದ್ದಳು. ನನಗಿಂತ ಎಂಟು ಹತ್ತು ವರ್ಷ ದೊಡ್ಡವಳು. ಸೂಜಿ ಹಾಕಿದ ಎಡಗೈಯನ್ನು ನಾಲ್ಕು ತಾಸು ಅಲುಗಿಸುವಂತಿಲ್ಲ. ಅವಳು ಬಲಗೈಯಿಂದ ಕೊರಳ ವಸ್ತ್ರ ಬಿಚ್ಚಿ, ಅದರಲ್ಲಿದ್ದ ಇಷ್ಟಲಿಂಗವನ್ನು ತೆಗೆದು ಆ ಎಡ ಅಂಗೈಯ ಮೇಲಿಟ್ಟು ನೋಡುತ್ತಾ ಮಲಗುತ್ತಿದ್ದಳು. ನಾವೆಲ್ಲ ಗಡಿಯಾರ ನೋಡುತ್ತಿದ್ದೆವು.

ಒಂದು ದಿನ ಕೇಳಿದಳು, ‘ತಂಗಿ, ನಿನಗ ಲಿಂಗ ಇಲ್ಲೇನು?’

‘ಅದ ರೀ. ನೌಕರಿ ಗದ್ದಲದಾಗ ಬಿಚ್ಚಿ ಇಟ್ಟಾಕಿ, ಮತ್ತ ಕಟ್ಟಲೇ ಇಲ್ಲ.’

ಅವಳು ಮತ್ತೆ ಅಂಗೈಯ ಕಡೆ ಕಣ್ಣು ತಿರುಗಿಸಿದಳು. ನನಗೇ ತಡೆಯದೆ ನನ್ನ ನೌಕರಿಯ ಕಥೆ ಹೇಳಿದೆ. ‘ಎಷ್ಟೋ ಮಂದಿ ನನ್ನ ಕೈಯಾಗೇ ಕಣ್ಣು ಮುಚ್ಯಾರ. ಸಾವಿಗೆ ನಾ ಅಂಜಂಗಿಲ್ರಿ ಅಕ್ಕಾ.’

‘ಅವರ ಸಾವು ನೋಡೀದಿ. ನಿಂದು ಇನ್ನಾ ನೋಡಿಲ್ಲಲ್ಲ,’ ಎಂದಳು. ಕುಹಕವಿರಲಿಲ್ಲ. ಹಸಿವಾಗಿದೆಯೇ ಎಂದು ಕೇಳಿದಷ್ಟೇ ಸಹಜವಾಗಿ ಹೇಳಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಮೈ ಬಹಳ ಇಳಿಯಿತು. ‘ಇನ್ನ ಬರಂಗಿಲ್ಲ ತಂಗಿ. ಮಗನಿಗೂ ಡಾಕ್ಟರಿಗೂ ಹೇಳೀನಿ,’ ಎಂದಳು.

ನನಗೆ ಸಿಟ್ಟು ಬಂತು. ‘ಬಿಟ್ರ ಭಾಳ ದಿನ ಉಳಿಯಂಗಿಲ್ರಿ. ಮೈಯಾಗ ನೀರು ತುಂಬತದ, ಉಸಿರು ಕಟ್ಟತದ. ನಾ ನೋಡೀನಿ.’

‘ಗೊತ್ತದ. ನೀ ಯಾಕ ಇಷ್ಟು ಅಂಜಾಕತ್ತಿ?’

ಆ ಸಂಜೆ ಮನೆಯಲ್ಲಿ ಒಬ್ಬಳೇ ಕುಳಿತಾಗ ತಿಳಿಯಿತು: ನಾನು ವಾದ ಮಾಡಿದ್ದು ಅವಳ ಜೀವಕ್ಕಾಗಿ ಅಲ್ಲ. ಅವಳ ನಂತರ ಆ ಸಾಲಿನಲ್ಲಿ ನಾನಿದ್ದೆ.

ನಾಲ್ಕು ದಿನ ಬಿಟ್ಟು ಬಸ್ಸು ಹತ್ತಿ ಮಣ್ಣೂರಿಗೆ ಹೋದೆ. ಬಾಗಿಲಲ್ಲಿ ಸೊಸೆ ಕೇಳಿದಳು, ‘ಯಾರ್ರಿ ನೀವು?’

ನಾಲಿಗೆಯ ತುದಿಗೆ ‘ನರ್ಸ್’ ಬಂದಿತ್ತು. ‘ದವಾಖಾನ್ಯಾಗ ಬಾಜೂಕ ಮಲಗತಿದ್ದೆ,’ ಎಂದೆ.

ಪಡಸಾಲೆಯಲ್ಲಿ ಅವಳನ್ನು ದಿಂಬಿಗೆ ಒರಗಿಸಿದ್ದರು. ಉಸಿರು ಮೇಲಕ್ಕೇರಿತ್ತು. ನನ್ನ ಕೈ ತಾನಾಗಿಯೇ ಅವಳ ನಾಡಿಗೆ ಹೋಯಿತು. ಅವಳು ಮೆಲ್ಲಗೆ ನನ್ನ ಕೈ ಬಿಡಿಸಿದಳು.

‘ಏನೂ ಮಾಡಬ್ಯಾಡ. ಸುಮ್ಮ ಕೂಡು.’

ಸುಮ್ಮನೆ ಕೂಡುವುದು ನನಗೆ ಗೊತ್ತಿರಲಿಲ್ಲ. ರೋಗಿಯ ಪಕ್ಕದಲ್ಲಿ ಏನಾದರೂ ಮಾಡುತ್ತಿದ್ದೆ: ಸಲೈನು ಸರಿಪಡಿಸುವುದು, ಮನೆಯವರನ್ನು ಗದರುವುದು. ಮಾಡುವಷ್ಟು ಹೊತ್ತು ನಾನು ಸಾಯುವವರ ಗುಂಪಿನವಳಲ್ಲ. ಆ ಮಧ್ಯಾಹ್ನ ಕೈಗೆ ಕೆಲಸವಿಲ್ಲದೆ ಕುಳಿತಾಗ ನಾವಿಬ್ಬರೂ ಒಂದೇ ಆದೆವು. ಅಳು ಬಂತು. ಅವಳು ನೋಡಿದಳು, ಸಮಾಧಾನ ಹೇಳಲಿಲ್ಲ. ಸೊಸೆ ಕೊಟ್ಟ ಚಹಾವನ್ನು ದಿನಕ್ಕಿಷ್ಟೇ ಎಂದು ಡಾಕ್ಟರು ಹಾಕಿಕೊಟ್ಟ ನೀರಿನ ಲೆಕ್ಕಕ್ಕೆ ಅಂಜಿ ಎರಡೇ ಗುಟುಕು ಕುಡಿದೆ. ಸೊಸೆಗೆ ನನ್ನ ಫೋನು ನಂಬರು ಕೊಟ್ಟು ಕಡೆಯ ಬಸ್ಸಿಗೆ ಎದ್ದೆ. ‘ಬರ್ತೇನ್ರಿ ಅಕ್ಕಾ’ ಎಂದರೆ ರೆಪ್ಪೆಯಷ್ಟೇ ಅಲುಗಿತು.

ಅವಳ ಮಗ ಫೋನು ಮಾಡಿದಾಗ ನಾನು ಯಂತ್ರಕ್ಕೆ ಕಟ್ಟಿಸಿಕೊಂಡು ಮಲಗಿದ್ದೆ. ಬೆಳಿಗ್ಗೆ ಹೋದಳಂತೆ. ಸಂಜೆಯೊಳಗೆ ಹೊಲದಲ್ಲಿ ಮಣ್ಣು ಮಾಡುವವರಿದ್ದರು. ನನ್ನದು ಇನ್ನೂ ಮೂರು ತಾಸು ಉಳಿದಿತ್ತು. ಮಣ್ಣಿಗೆ ಹೋಗಲಾಗಲಿಲ್ಲ. ಖಾಲಿ ಮಂಚದ ಹಾಸಿಗೆಯನ್ನು ಯಾರೋ ಬದಲಿಸಿ ಹೋದರು.

ಮುಂದಿನ ಭಾನುವಾರ ಜೇವರ್ಗಿ ದಾಟಿ ಇಜೇರಿಗೆ, ತವರಿಗೆ ಹೋದೆ. ಅಣ್ಣನ ಮಗನನ್ನು ಹೊಲಕ್ಕೆ ಕರೆದುಕೊಂಡು ಹೋಗಿ ಅಪ್ಪ ಅವ್ವನನ್ನು ಹೂಳಿದ ಬದುವಿನ ಪಕ್ಕದ ಜಾಗ ತೋರಿಸಿ, ‘ನನಗೂ ಇಲ್ಲೇ’ ಎಂದೆ.

‘ಈಗ್ಯಾಕ ಆ ಮಾತು ಅತ್ತಿ?’ ಎಂದ.

‘ಈಗ ಬಾಯಿಗೆ ಬಂದದ. ನಾಳಿಗೆ ಮತ್ತ ಅಂಜಿಕಿ ಆಗಬಹುದು.’

ತೊಗರಿ ಹೂ ಬಿಟ್ಟಿತ್ತು. ಅಂಜಿಕೆ ಮರುದಿನವೇ ಬಂತು. ಈಗಲೂ ಬರುತ್ತದೆ. ಬಂದಾಗ ಏನೂ ಮಾಡದೆ ಅದರ ಪಕ್ಕ ಕುಳಿತುಕೊಳ್ಳುತ್ತೇನೆ.