ಮೀನಿಗೆ ತುತ್ತು, ನಿದಾಲ್‌ಗೆ ಕುತ್ತು

ಬಾಗ್ದಾದಿನ ಪ್ರಾಣಿಸಂತೆಯ ಹಿಂದಿನ ಓಣಿ. ಬೆಳಗಿನ ಐದೂವರೆ. ಅಲಂಕಾರದ ಮೀನು ಸಾಕಿ ಮಾರುವ ಅಂಗಡಿಯ ನೆಲಮಾಳಿಗೆಯ ಮೆಟ್ಟಿಲಿಳಿದ ನಿದಾಲ್ ಜಬ್ಬಾರ್ ದೀಪ ಹಾಕುವ ಮೊದಲೇ ಫ್ರೀಜರಿನ ಮೇಲೆ ಅಂಗೈ ಇಟ್ಟು ನೋಡುತ್ತಾರೆ. ನಡುಗುತ್ತಿದೆ, ಅಂದರೆ ಕರೆಂಟು ಇದೆ. ಮೂಗು ಬಾಯಿಗೆ ಎರಡು ಪದರ ಬಟ್ಟೆ ಬಿಗಿದು, ಮೊಣಕೈವರೆಗೆ ರಬ್ಬರಿನ ಗವಸು ಏರಿಸಿ, ಮೀನಿನ ಮೇವಾದ ಕೆಂಪು ಹುಳುಗಳ ಮಂಜುಗಟ್ಟಿದ ಬಿಲ್ಲೆಗಳನ್ನು ಒಂದೊಂದಾಗಿ ಬಿಡಿಸುತ್ತಾರೆ.

ಬಿಲ್ಲೆಯನ್ನು ಹಾಗೇ ತೊಟ್ಟಿಗೆ ಎಸೆಯುವಂತಿಲ್ಲ. ತೊಟ್ಟಿಯದೇ ನೀರಿನಲ್ಲಿ ಕರಗಿಸಬೇಕು, ಚಹಾ ಸೋಸುವ ಜರಡಿಯಲ್ಲಿ ಬಸಿದು ಕೆಂಪು ನೀರು ಚೆಲ್ಲಬೇಕು. ನಿಯಾನ್ ಮೀನಿನ ಬಾಯಿ ಸಾಸಿವೆ ಕಾಳಿನಷ್ಟು. ಅದಕ್ಕಾಗಿ ಹುಳುವನ್ನು ಬ್ಲೇಡಿನಲ್ಲಿ ಹೆಚ್ಚಬೇಕು. ಇರುವ ತೊಟ್ಟಿಗಳು ನೂರ ಮೂವತ್ತಾರು. ದಿನಕ್ಕೆ ಎರಡು ಹೊತ್ತು ಊಟ.

"ನಮ್ಮ ಮನೆಯಾಕೆ ನನಗೆ ಒಂದು ದಿನಾನೂ ಹೀಗೆ ಹೆಚ್ಚಿ ಹೆಚ್ಚಿ ಬಡಿಸಿಲ್ಲ, ಉಮ್ಮ್ ಸಿನಾನ್," ಎನ್ನುತ್ತಾನೆ ತೊಟ್ಟಿ ತೊಳೆಯುವ ಖಲಫ್. ಉಮ್ಮ್ ಎಂದರೆ ತಾಯಿ; ಹಿರಿಮಗ ಸಿನಾನನ ಹೆಸರು ಹಿಡಿದು ನಿದಾಲ್‌ರನ್ನು ಇಲ್ಲಿ ಎಲ್ಲರೂ ಕರೆಯುವುದು ಹೀಗೆ.

"ನಿನ್ನ ಬಾಯೂ ಇಷ್ಟು ಚಿಕ್ಕದಾಗಿದ್ದಿದ್ರೆ ಬಡಿಸ್ತಿದ್ಲು ಬಿಡಪ್ಪಾ," ಎಂದು ನಗಲು ಹೋಗಿ ನಿದಾಲ್ ಗೋಡೆ ಹಿಡಿದು ನಿಲ್ಲುತ್ತಾರೆ. ಉಸಿರು ಮರಳಲು ಒಂದು ನಿಮಿಷ ಬೇಕು. ಐವತ್ತೇಳರ ವಯಸ್ಸಿಗೆ ಬಂದ ಉಬ್ಬಸವಲ್ಲ ಇದು.

ಈ ಕೆಲಸ ಮೊದಲು ಅವರ ಗಂಡ ಗಾನಿಮ್‌ದು. ಹತ್ತೊಂಬತ್ತು ವರ್ಷ, ಬರಿಗೈಯಲ್ಲಿ. ಮೊದಲು ಕಣ್ಣು ತುರಿಕೆ, ಆಮೇಲೆ ಬೆರಳ ಸಂದಿಯಲ್ಲಿ ದದ್ದು, ಕೊನೆಗೆ ಎದೆಯಲ್ಲಿ ಸಿಳ್ಳೆ. ಸಿಗರೇಟು ಸೇದುತ್ತಿದ್ದ ಮನುಷ್ಯ. ಅದರ ಫಲವೆಂದು ಓಣಿಯೆಲ್ಲ ಹೇಳಿತು. ಅವರು ತೀರಿಕೊಂಡು ನಲವತ್ತು ದಿನ ಕಳೆದ ಮೇಲೆ ಅದೇ ಜರಡಿ, ಅದೇ ಬ್ಲೇಡು ನಿದಾಲ್ ಕೈಗೆ ಬಂದವು. ಅದಾಗಿ ಎಂಟು ವರ್ಷ.

ಹೋದ ಜುಲೈನಲ್ಲಿ ಊರು ಬಾಣಲೆಯಾಗಿದ್ದಾಗ ಕರೆಂಟು ಹೋಯಿತು. ಅದರ ಹಿಂದೆಯೇ ಓಣಿಯ ಜನರೇಟರೂ ಸುಟ್ಟಿತು. ಎರಡನೆಯ ದಿನ ಫ್ರೀಜರಿನ ಕೆಳಗಿಂದ ಕೆಂಪು ನೀರು ಹರಿದು ಮೆಟ್ಟಿಲಿನ ಬುಡ ಮುಟ್ಟಿತು.

"ಮುಚ್ಚಿಡು. ಕರೆಂಟು ಬಂದ್ರೆ ಮತ್ತೆ ಗಟ್ಟಿ ಆಗುತ್ತೆ," ಎಂದರು ಮಾಲೀಕ ಹಾಜಿ ಶಾಕಿರ್.

"ಗಟ್ಟಿ ಆಗುತ್ತೆ ಹಾಜಿ, ಒಳ್ಳೇದಾಗಲ್ಲ. ಕೊಳೆತದ್ದು ತಿಂದ್ರೆ ಹೊಟ್ಟೆ ಉಬ್ಬಿ ತೇಲ್ತವೆ. ಆಮೇಲೆ ನನ್ನನ್ನೇ ಬೈತೀರಿ."

"ಹಂಗಾದ್ರೆ ನೀನೇ ಎತ್ತಿ ಹಾಕು," ಎಂದು ಹಾಜಿ ಮೇಲೆ ಹೋದರು.

ಕಿಟಕಿಯಿಲ್ಲದ ಆ ಕೋಣೆಯಲ್ಲಿ ನಿದಾಲ್ ಎರಡು ತಾಸು ಬರಿಗೈಯಲ್ಲಿ ಕರಗಿದ ಹುಳು ಬಾಚಿದರು. ತುಟಿ ದಪ್ಪವಾಯಿತು, ಕಣ್ಣು ಮುಚ್ಚಿಕೊಂಡವು, ಗಂಟಲು ಸೂಜಿಯ ಕಣ್ಣಿನಷ್ಟಾಯಿತು. ಖಲಫ್ ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದ.

ಪ್ರಾಣ ಉಳಿಸಿದ ವೈದ್ಯರು ಮರುದಿನ ಕೇಳಿದರು: ಏನು ಕೆಲಸ? ನಿದಾಲ್ ಹೇಳಿದರು. ಕೆಲವರ ಮೈಗೆ ಈ ಹುಳು ಆಗಿಬರುವುದಿಲ್ಲ, ಮುಟ್ಟುತ್ತ ಮುಟ್ಟುತ್ತ ಉಸಿರನ್ನೇ ಕಟ್ಟುತ್ತದೆ, ಇದನ್ನು ಬಿಟ್ಟುಬಿಡಿ ಎಂದರು ಅವರು. ಆಗ ನಿದಾಲ್ ಗಂಡನ ಕಣ್ಣು, ಬೆರಳು, ಎದೆಯ ಸಿಳ್ಳೆ ಎಲ್ಲವನ್ನೂ ವಿವರಿಸಿದರು. ವೈದ್ಯರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಈಗ ಖಚಿತವಾಗಿ ಹೇಳೋಕಾಗಲ್ಲಮ್ಮ," ಎಂದಷ್ಟೇ ಹೇಳಿದರು.

"ಅವನು ಸಾಯೋ ವಾರದಲ್ಲೂ ಬೈದಿದ್ದೆ," ಎನ್ನುತ್ತಾರೆ ನಿದಾಲ್. ಕೈ ಮಾತ್ರ ಹುಳು ಹೆಚ್ಚುವುದನ್ನು ನಿಲ್ಲಿಸುವುದಿಲ್ಲ. "ಹೊಗೆ ಕುಡಿದೂ ಕುಡಿದೂ ನನ್ನ ಮುಂಡೆ ಮಾಡ್ತೀಯಾ ಅಂದಿದ್ದೆ. ತಲೆ ಬಗ್ಗಿಸ್ಕೊಂಡು ಕೂತಿದ್ದ. ತಪ್ಪು ತನ್ನದೇ ಅಂದ್ಕೊಂಡೇ ಹೋಗ್ಬಿಟ್ಟ."

ಐದನೆಯ ದಿನ ಅವರು ಕೆಲಸಕ್ಕೆ ಮರಳಿದರು. ನಾಲ್ಕು ದಿನದ ಉಪವಾಸಕ್ಕೆ ಮೀನುಗಳು ಬಡಕಲಾಗಿದ್ದವು, ಆದರೆ ಒಂದೂ ಸತ್ತಿರಲಿಲ್ಲ. ಯಾಕೆ ಮರಳಿದಿರಿ ಎಂದು ಕೇಳಿದರೆ ಅವರಿಗೆ ಸಿಟ್ಟೇ ಬರುತ್ತದೆ. "ಈ ವಯಸ್ಸಿಗೆ ಯಾರು ಕರೆದು ಕೆಲಸ ಕೊಡ್ತಾರೆ? ಸಿನಾನನಿಗೆ ಕೆಲಸ ಇಲ್ಲ. ಅವನ ಮಕ್ಕಳು ನನ್ನ ಮುಖ ನೋಡ್ತವೆ."

ಕೆಂಪು ಹುಳು ಬಿಟ್ಟು ಬರೀ ಸಣ್ಣ ಸಿಗಡಿ ಹಾಕೋಣ ಎಂದು ಅವರು ಕೇಳಿದ್ದಾರೆ. ಹುಳು ತಿನ್ನದಿದ್ದರೆ ಮೀನು ಮೊಟ್ಟೆ ಇಡುವುದಿಲ್ಲ ಎನ್ನುತ್ತಾರೆ ಹಾಜಿ. ಗವಸು, ಮುಖದ ಬಟ್ಟೆ ನಿದಾಲ್ ತಾವೇ ತಂದುಕೊಂಡದ್ದು. ಆದರೂ ಎದೆ ದಿನೇ ದಿನೇ ಬಿಗಿಯುತ್ತಿದೆ. ಕಳೆದ ವರ್ಷ ಒಂದೇ ಉಸಿರಿಗೆ ಹತ್ತುತ್ತಿದ್ದ ಹದಿನಾಲ್ಕು ಮೆಟ್ಟಿಲಿಗೆ ಈಗ ಮೂರು ಕಡೆ ಕೂರುತ್ತಾರೆ.

ಈ ಅವಸ್ಥೆ ನೋಡಿಯೇ ಹಾಜಿ ಹೋದ ತಿಂಗಳು ಬೇರೆ ಆಳು ಹುಡುಕಲು ಹೊರಟರು. ಇಬ್ಬರು ಹೆಂಗಸರು ಬಂದರು. ನಿದಾಲ್ ಅವರನ್ನು ಮೆಟ್ಟಿಲಲ್ಲೇ ತಡೆದು ಕೂರಿಸಿ ಚಹಾ ಕೊಟ್ಟು, ಗಂಡನ ಕಥೆ, ತಮ್ಮ ಕಥೆ ಎರಡನ್ನೂ ಹೇಳಿದರು. ಚಹಾ ಮುಗಿಸಿ ಇಬ್ಬರೂ ಬಂದ ದಾರಿ ಹಿಡಿದರು. ಬಂದ ಆಳುಗಳನ್ನು ಓಡಿಸಿಬಿಟ್ಟಳು ಎಂದು ಹಾಜಿ ಇಡೀ ದಿನ ಕೂಗಾಡಿದರಂತೆ.

"ಕೂಗಾಡಲಿ ಬಿಡಿ," ಎನ್ನುತ್ತಾರೆ ನಿದಾಲ್, ಮುಂದಿನ ತೊಟ್ಟಿಯ ಕಡೆ ತಿರುಗುತ್ತ. "ಆ ಇಬ್ಬರೂ ಎಲ್ಲೋ ನೆಟ್ಟಗೆ ಉಸಿರಾಡ್ಕೊಂಡಿದ್ದಾರೆ."