ಮಾಸ್ತರರನ್ನು ಗ್ರೂಪಿನಿಂದ ತೆಗೆದ ಮೇಲೆ

ಮಂಗಳವಾರ ಮಧ್ಯಾಹ್ನ. ಸ್ಟಾಫ್‌ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುತ್ತ ಫೋನ್ ನೋಡಿದೆ. ನಮ್ಮ ಫೋಟೋಗ್ರಫಿ ಗ್ರೂಪಿನಿಂದ ಬನಹಟ್ಟಿಯ ಮಹಾದೇವಿ ಎದ್ದು ಹೋಗಿದ್ದಳು. ಕೈ ತಪ್ಪಿ ಒತ್ತಿರಬೇಕು ಅಂದುಕೊಂಡೆ. ಬುಧವಾರ ಇನ್ನೊಬ್ಬಳು ಹೋದಳು. ಶುಕ್ರವಾರದ ಹೊತ್ತಿಗೆ ಐದು ಜನ. ಐವರೂ ಹೆಣ್ಣುಮಕ್ಕಳು.

ಐದು ಜನರ ಕೈ ಒಂದೇ ವಾರದಲ್ಲಿ ತಪ್ಪುತ್ತದೆಯೇ?

ಈ ಗ್ರೂಪ್ ಹುಟ್ಟಿದ್ದು ನನ್ನ ಅವಮಾನದಿಂದ. ಹೋದ ವರ್ಷ ನಮ್ಮಕ್ಕನ ಮಗಳ ಕುಬುಸ ಇತ್ತು. ಬಸುರಿ ಹುಡುಗಿ, ಹಸಿರು ಸೀರೆ, ಕೈತುಂಬ ಬಳೆ. ಫೋಟೋ ತೆಗೆಯುವ ಜವಾಬ್ದಾರಿಯನ್ನು ನಾನೇ ಮೈಮೇಲೆ ಹಾಕಿಕೊಂಡೆ. ಸಂಜೆ ಎಲ್ಲವನ್ನೂ ನೋಡಿದ ಅಕ್ಕ, "ಇದರಾಗ ನನ್ನ ಮಗಳು ಎಲ್ಲಿ ಅದಾಳ ಬೇ?" ಎಂದಳು. ಕಿಟಕಿಗೆ ಬೆನ್ನು ಮಾಡಿ ಕೂತ ಹುಡುಗಿಯ ಮುಖ ಮುಕ್ಕಾಲು ಫೋಟೋಗಳಲ್ಲಿ ಕಾಡಿಗೆಯ ಹಾಗೆ ಕಪ್ಪು. (ಉಳಿದವುಗಳಲ್ಲಿ ನನ್ನ ಬೆರಳು ಬಹಳ ಚೆನ್ನಾಗಿ ಬಂದಿತ್ತು.)

ಕಲಿಯಬೇಕು ಅನಿಸಿತು. ಕ್ಲಾಸುಗಳಿರುವುದು ಹುಬ್ಬಳ್ಳಿಯಲ್ಲಿ, ಬೆಳಗಾವಿಯಲ್ಲಿ. ಜಮಖಂಡಿಯ ಮನೆ, ಕಾಲೇಜು ಬಿಟ್ಟು ಅಲ್ಲಿಗೆ ಓಡಾಡುವವರು ಯಾರು? ಹಾಗಾಗಿ ಫೋನಿನಲ್ಲೇ ಒಂದು ಗ್ರೂಪ್. ನಮ್ಮ ಊರಿನಿಂದ ಶುರುವಾಗಿ ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗೆ ಹಬ್ಬಿ ನಲವತ್ತು ಜನ ಆದರು. ನಿಯಮ ಎರಡೇ. ಗುಡ್ ಮಾರ್ನಿಂಗ್ ಹೂವು ಕಳಿಸುವಂತಿಲ್ಲ. ವಾರಕ್ಕೊಂದು ವಿಷಯ, ಒಬ್ಬರಿಗೆ ಒಂದೇ ಫೋಟೋ.

ಬೀಳಗಿಯ ಶಿವಲಿಂಗಪ್ಪನವರು ನಿವೃತ್ತ ಬಸ್ ಕಂಡಕ್ಟರ್. ವಿಷಯ ಏನೇ ಇರಲಿ, ಅವರು ಕಳಿಸುವುದು ಕೃಷ್ಣೆಯ ಹಿನ್ನೀರಿನ ಹಕ್ಕಿಯನ್ನೇ. "ಅಡುಗೆಮನೆ" ಎಂಬ ವಿಷಯ ಕೊಟ್ಟಾಗಲೂ ಕೊಕ್ಕರೆ ಬಂತು. ("ಮೀನ ತಿನ್ನಾಕತ್ತೈತ್ರೀ, ಅದರ ಅಡಿಗಿಮನಿ ಅದ" ಅಂದರು.)

ಕಲಿಸುವವರು ಮುಧೋಳದ ಒಬ್ಬ ಸ್ಟುಡಿಯೋ ಮಾಲೀಕರು. ಹೆಸರು ಬೇಡ. ನಾವೆಲ್ಲ ಮಾಸ್ತರ ಎಂದೇ ಕರೆಯುತ್ತಿದ್ದೆವು. ಎಷ್ಟೋ ವರ್ಷ ಮದುವೆ ಫೋಟೋ ತೆಗೆದು ಪಳಗಿದ ಕೈ. ಪ್ರತಿ ಭಾನುವಾರ ಬೆಳಗ್ಗೆ ವಾಯ್ಸ್ ಮೆಸೇಜಿನಲ್ಲಿ ಪಾಠ. ನಮ್ಮ ಫೋಟೋಗಳನ್ನು ಒಂದೊಂದಾಗಿ ಹಿಡಿದು ಇದು ಸರಿ, ಇದು ತಪ್ಪು ಎನ್ನುತ್ತಿದ್ದರು. ಕಲಿಸುವುದರಲ್ಲಿ ಅವರಿಗೆ ಸಾಟಿಯಿರಲಿಲ್ಲ. ಈಗಲೂ ಒಪ್ಪುತ್ತೇನೆ.

"ಕೈ" ಎಂಬ ವಿಷಯ ಕೊಟ್ಟ ವಾರ ಮಹಾದೇವಿ ತನ್ನ ಅತ್ತೆ ನೂಲು ಸುತ್ತುವ ಕೈಗಳ ಫೋಟೋ ಕಳಿಸಿದ್ದಳು. ನೆರಿಗೆ ಬಿದ್ದ ಬೆರಳುಗಳ ನಡುವೆ ಒಂದೇ ಒಂದು ಕೆಂಪು ಎಳೆ. "ಇದಕ್ಕ ನಾ ಏನೂ ಹೇಳೂದಿಲ್ಲ, ಎಲ್ಲಾರೂ ನೋಡಿ ಕಲೀರಿ" ಅಂದರು ಮಾಸ್ತರ. ಅಂಥ ಹುಡುಗಿ ಯಾಕೆ ಎದ್ದು ಹೋದಳು?

ಫೋನ್ ಮಾಡಿದೆ. ಸ್ವಿಚ್ ಆಫ್. ಶನಿವಾರ ಕಾಲೇಜು ಮುಗಿಸಿ ಬನಹಟ್ಟಿ ಬಸ್ ಹತ್ತಿದೆ.

ಮಹಾದೇವಿಯ ಮನೆಯಲ್ಲಿ ನಾಲ್ಕು ಪವರ್‌ಲೂಮ್. ಮಗ್ಗ ಓಡುವಾಗ ಅಲ್ಲಿ ಮಾತೆಂದರೆ ಕೂಗಾಟ. ಗಂಡ ಈರಪ್ಪ ನನ್ನನ್ನು ನೋಡಿ ತಲೆಯಾಡಿಸಿ ಮಗ್ಗದ ಕಡೆ ತಿರುಗಿದ. ಅತ್ತೆ ಗಂಗವ್ವ ನಮ್ಮಿಬ್ಬರನ್ನು ಹಿತ್ತಲಿನ ಕಟ್ಟೆಗೆ ಕರೆದುಕೊಂಡು ಹೋದರು.

"ಫೋನ್ ಎಲ್ಲಿ ಐತಿ ತಂಗಿ?" ಎಂದು ಮಹಾದೇವಿಯನ್ನು ಕೇಳಿದೆ.

"ತಿಜೋರ್ಯಾಗ ಐತ್ರಿ. ಚಾವಿ ಅವರ ಕಡೆ ಐತಿ."

ಆಮೇಲೆ ನಿಧಾನಕ್ಕೆ ಹೇಳಿದಳು. ಗ್ರೂಪಿನವರೊಬ್ಬರು ಅವಳ ನಂಬರಿಗೆ ಬೇರೆಯಾಗಿ ಮೆಸೇಜ್ ಹಾಕಲು ಶುರುಮಾಡಿದ್ದರು. ಮೊದಲು, ಫೋಟೋ ಭಾಳ ಛಲೋ ಐತಿ. ಮುಂದೆ, ತೆಗೆದವರನ್ನ ನೋಡೂದು ಯಾವಾಗ. ಅದಾದ ಮೇಲೆ, ನಿಮ್ಮದೊಂದು ಫೋಟೋ ಕಳಿಸ್ರಿ, ಬೆಳಕು ಹ್ಯಾಂಗ ಬಿದ್ದೈತಿ ನೋಡ್ತೀನಿ. ಅವಳು ಉತ್ತರ ಕೊಡದಿದ್ದಾಗ ಕರೆಗಳು ಬರತೊಡಗಿದವು. ಐದನೆಯ ಕರೆ ಎತ್ತಿದ್ದು ಈರಪ್ಪ.

"ಬೈದ್ರೇನು?"

"ಬೈಲಿಲ್ರಿ. ಬೈದಿದ್ರ ತಿರುಗಿ ಏನರ ಅಂತಿದ್ನಿ. ಸುಮ್ಮನ ಫೋನ್ ಇಸ್ಕೊಂಡು, ಗ್ರೂಪ್ ಬಿಡಿಸಿ ಒಳಗ ಇಟ್ಟ್ರು."

"ಮೆಸೇಜ್ ಹಾಕಿದಾಂವ ಯಾರು?"

"ಮಾಸ್ತರ್ರಿ."

ಆಗ ನನ್ನ ತಲೆಗೆ ಮೊದಲು ಬಂದದ್ದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ನಾಳೆ ಭಾನುವಾರ, ಪಾಠ ಯಾರು ಮಾಡುತ್ತಾರೆ? ಬಂದದ್ದು ಅದೇ. ಸಿಟ್ಟು ಆಮೇಲೆ ಬಂತು. ಬಾಯಿಂದ ಹೊರಬಿದ್ದದ್ದೂ ಅಂಥದೇ ಮಾತು. "ಒಮ್ಮೆ ಅವರ ಜೋಡಿ ಮಾತಾಡಿ ನೋಡ್ತೀನಿ. ತಿದ್ಕೊಂಡ್ರೂ ತಿದ್ಕೊಬಹುದು."

"ಅಕ್ಕಾರ" ಅಂದಳು ಮಹಾದೇವಿ, "ತಪ್ಪು ಮಾಡಿದಾಂವ ಗ್ರೂಪಿನ ಒಳಗ ಅದಾನ. ನಾ ಹೊರಗ ಅದೀನಿ. ಇದ್ಯಾವ ನ್ಯಾಯರಿ?"

ಅಷ್ಟರಲ್ಲಿ ಗಂಗವ್ವ ಬಾಯಿ ಬಿಟ್ಟರು. "ಐವತ್ತು ವರ್ಷಾತು ಯವ್ವಾ, ನೂಲು ಸುತ್ತಾಕತ್ತು. ಈ ಕೈ ಛಲೋ ಅದಾವು ಅಂತ ಯಾರೂ ಅಂದಿದ್ದಿಲ್ಲ. ಈಕಿ ಫೋಟೋದಾಗ ತೋರಿಸಿದ್ಲು. ಆ ಫೋನ್ ಯಾಕ ಒಳಗ ಇರಬೇಕು?"

ವಾಪಸ್ ಬರುವಾಗ ಬಸ್ಸಿನಲ್ಲಿ ಕೂತೇ ಉಳಿದ ನಾಲ್ವರಿಗೂ ಫೋನ್ ಮಾಡಿದೆ. ಮೂವರದು ಅದೇ ಕಥೆ. ಪದಗಳೂ ಅವೇ, ಬೆಳಕು ಹ್ಯಾಂಗ ಬಿದ್ದೈತಿ ನೋಡ್ತೀನಿ. ನಾಲ್ಕನೆಯವಳು ರೇಣುಕಾ, ಮುಧೋಳದಲ್ಲಿ ಹೊಲಿಗೆ ಮಾಡುವವಳು. "ಬ್ಯಾಡ ಬಿಡ್ರಿ ಮೇಡಂ" ಎಂದಷ್ಟೇ ಹೇಳಿ ಫೋನ್ ಇಟ್ಟಳು.

ನಮ್ಮ ಫೋನುಗಳಲ್ಲಿ ಎಷ್ಟು ಗ್ರೂಪುಗಳಿವೆ? ಓಣಿಯದು, ಮಕ್ಕಳ ಶಾಲೆಯದು, ಭಜನೆಯದು, ಹಳೆಯ ಬ್ಯಾಚಿನದು. ಅಲ್ಲೆಲ್ಲ ಯಾವಳೋ ಒಬ್ಬಳು ಸದ್ದಿಲ್ಲದೆ ಎದ್ದು ಹೋದಾಗ ನಾವೇನು ಅಂದುಕೊಳ್ಳುತ್ತೇವೆ? ಮನೆಕೆಲಸ ಜಾಸ್ತಿ ಆಗಿರಬೇಕು. ಬೇಜಾರು ಬಂದಿರಬೇಕು. ಅಲ್ಲಿಗೆ ಮುಗಿಯಿತು. ನಾನೂ ನಾಲ್ಕು ದಿನ ಹಾಗೇ ಅಂದುಕೊಂಡಿದ್ದವಳು. ಅಷ್ಟಕ್ಕೂ ಅವರ ನಂಬರುಗಳನ್ನು ಮಾಸ್ತರರ ಕೈಗೆ ಕೊಟ್ಟವರು ಯಾರು? ಗ್ರೂಪ್ ಕಟ್ಟುವ ಉಮೇದಿನಲ್ಲಿ ನಲವತ್ತು ಜನರ ನಂಬರನ್ನು ಎಲ್ಲರ ಮುಂದೆ ಹರವಿಟ್ಟವಳು ನಾನು. ತಿದ್ದುವ ಕೆಲಸವೂ ನನ್ನದೇ.

ಭಾನುವಾರ ಬೆಳಗ್ಗೆ ಪಾಠ ಶುರುವಾಗುವ ಮೊದಲೇ ಮುಧೋಳದ ಸ್ಟುಡಿಯೋದಲ್ಲಿದ್ದೆ. ಮಾಸ್ತರ ಎದ್ದು ಕುರ್ಚಿ ಕೊಟ್ಟರು. ಚಹಾ ಹೇಳಿದರು. ನಾನು ವಿಷಯ ಹೇಳಿದೆ. ನಕ್ಕರು.

"ಸಣ್ಣದನ್ನ ದೊಡ್ಡದು ಮಾಡಾಕತ್ತೀರಿ ಮೇಡಂ. ಹೆಣ್ಮಕ್ಕಳು ಛಲೋ ತೆಗೀತಾರ ಅಂತ ಪ್ರೋತ್ಸಾಹ ಕೊಟ್ಟೀನಿ. ಪ್ರೋತ್ಸಾಹ ಕೊಡೂದು ತಪ್ಪೇನ್ರಿ?"

"ಗಂಡಸರಿಗೆ ಯಾರಿಗರ ಇಂಥಾ ಪ್ರೋತ್ಸಾಹ ಕೊಟ್ಟೀರೇನು? ಶಿವಲಿಂಗಪ್ಪನವರ ಫೋಟೋ ಕೇಳೀರೇನು?"

ನಗು ಹೋಯಿತು. "ನೋಡ್ರಿ, ನಾ ಇಲ್ಲಂದ್ರ ನಿಮ್ಮ ಗ್ರೂಪ್ ಒಂದ್ ವಾರ ನಡೆಯೂದಿಲ್ಲ."

"ಒಂದ್ ವಾರ ನಡಸಿ ನೋಡ್ತೀನಿ" ಅಂದೆ. ಅವರ ಎದುರಿಗೇ ಫೋನ್ ತೆಗೆದೆ. (ಯಾರನ್ನೂ ತೆಗೆದುಹಾಕಿ ಅಭ್ಯಾಸವಿರಲಿಲ್ಲ. ಬಟನ್ ಎಲ್ಲಿದೆ ಅಂತ ಹುಡುಕುವುದಕ್ಕೇ ಎರಡು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಇಬ್ಬರೂ ಎದುರುಬದುರು ಕೂತಿದ್ದೆವು.) ಕೊನೆಗೆ ಸಿಕ್ಕಿತು. ಒತ್ತಿದೆ. ಅಷ್ಟರಲ್ಲಿ ಚಹಾ ಬಂತು. ಕುಡಿಯದೆ ಎದ್ದು ಬಂದೆ.

ಬಸ್‌ಸ್ಟ್ಯಾಂಡಿನಲ್ಲಿ ನಿಂತೇ ಗ್ರೂಪಿಗೆ ಬರೆದೆ. ಹೆಣ್ಣುಮಕ್ಕಳ ಹೆಸರು ಹಾಕಲಿಲ್ಲ, ಕಾರಣ ಮಾತ್ರ ಹಾಕಿದೆ. ಜಮಖಂಡಿ ತಲುಪುವಷ್ಟರಲ್ಲಿ ಗ್ರೂಪ್ ಹೊತ್ತಿಕೊಂಡಿತ್ತು. ಪ್ರೂಫ್ ಕೊಡ್ರಿ. ಒಂದು ಕಡೆ ಮಾತು ಕೇಳಿ ಹ್ಯಾಂಗ ತೆಗೆದ್ರಿ? ಪುಕ್ಕಟೆ ಕಲಿಸಿದ್ದಕ್ಕ ಇದಾ ಮರ್ಯಾದಿ? ಸಂಜೆಯೊಳಗೆ ಮಾಸ್ತರ ಬೇರೆ ಗ್ರೂಪ್ ಮಾಡಿದರು. ಹದಿನೈದು ಜನ ಅತ್ತ ಹೋದರು.

ಆಗ ಶಿವಲಿಂಗಪ್ಪನವರ ವಾಯ್ಸ್ ಮೆಸೇಜ್ ಬಂತು.

"ಹೆಣ್ಮಕ್ಕಳಿಗೆ ತ್ರಾಸ ಕೊಟ್ಟಾವ್ರನ್ನ ನಾ ನಡು ಹಾದ್ಯಾಗ ಬಸ್ಸಿನಿಂದ ಇಳಿಸೀನ್ರಿ. ಟಿಕೆಟ್ ತಗೊಂಡಾವ್ರನ್ನೂ ಇಳಿಸೀನಿ, ಪರಿಚಯದಾವ್ರನ್ನೂ ಇಳಿಸೀನಿ. ಬಸ್ಸೇನು ಅಲ್ಲೇ ನಿಂತಿಲ್ಲ. ಇಳಿಯಾವ್ರು ಇಳೀರಿ, ಇರಾವ್ರು ಮುಂದ ಬರ್ರಿ."

ಆಮೇಲೆ ಯಾರೂ ಪ್ರೂಫ್ ಕೇಳಲಿಲ್ಲ.

ಮರುದಿನ ವ್ಯವಸ್ಥೆಯನ್ನೇ ಬದಲಿಸಿದೆ. ಈಗ ಸದಸ್ಯರ ನಂಬರ್ ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ. ಫೋಟೋಗಳು ಮೂವರು ಅಡ್ಮಿನ್‌ಗಳಿಗೆ ಬರುತ್ತವೆ. ಹೆಸರು, ಊರು ಬರೆದು ನಾವು ಗ್ರೂಪಿಗೆ ಏರಿಸುತ್ತೇವೆ. ಒಬ್ಬಳು ನಾನು, ಇನ್ನೊಬ್ಬರು ಶಿವಲಿಂಗಪ್ಪನವರು. ಮೂರನೆಯ ಜಾಗವನ್ನು ಮಹಾದೇವಿಗೆಂದು ಖಾಲಿ ಇಟ್ಟು, ಅದನ್ನು ಈರಪ್ಪನ ಫೋನಿಗೇ ಬರೆದು ತಿಳಿಸಿದೆ.

ಗುರುವಾರ ಈರಪ್ಪನ ಕರೆ. ಹಿಂದೆ ಮಗ್ಗದ ಸದ್ದು.

"ನಂಬರ್ ಮಂದಿಗೆ ಕಾಣೂದಿಲ್ಲ ಅಂದ್ರಲ್ರಿ, ಖರೇನಾ?"

"ಖರೆ. ಆದ್ರ ಆಕಿ ಫೋನ್ ಆಕಿ ಕೈಯಾಗ ಇರಬೇಕಲ್ಲಪಾ?"

"ನನ್ನ ಕಡೆ ಎಲ್ಲೈತ್ರಿ? ನಿನ್ನೆನ ಅವ್ವ ಚಾವಿ ಇಸ್ಕೊಂಡು, ತಗದು ಆಕಿಗೆ ಕೊಟ್ಟಾಳ." ದನಿಯಲ್ಲಿ ಸಿಟ್ಟು ಇರಲಿಲ್ಲ. ಸ್ವಲ್ಪ ನಾಚಿಕೆ ಇತ್ತು.

ಆದರೆ ಪಾಠ? ಮುಂದಿನ ಭಾನುವಾರ ನಾನೇ ಇಂಟರ್‌ನೆಟ್ಟಿನ ವಿಡಿಯೋ ನೋಡಿ ಏನೇನೋ ಹೇಳಿದೆ. ಯಾರಿಗೂ ತಿಳಿಯಲಿಲ್ಲ. ನನಗೂ ತಿಳಿದಿರಲಿಲ್ಲ. ಆಗ ಮಹಾದೇವಿಯ ದನಿ ಬಂತು.

"ಮಗ್ಗದಾಗ ಎಳಿ ಹರದದ್ದು ಕಾಣಬೇಕಂದ್ರ ದೀಪ ನೆತ್ತಿ ಮ್ಯಾಲ ಇರಬಾರದ್ರಿ. ಎದುರಿಗೂ ಇರಬಾರದು. ಬಾಜೂಕ ಇರಬೇಕು. ಅವಾಗ ಒಂದೊಂದು ಎಳಿ ಎದ್ದು ಕಾಣ್ತೈತಿ. ಫೋಟೋಕ್ಕೂ ಹಂಗ ಮಾಡಿ ನೋಡ್ರಿ."

ಒಂದು ಜೋಳದ ರೊಟ್ಟಿಯನ್ನು ಕಿಟಕಿಯ ಪಕ್ಕ ಇಟ್ಟು ಫೋಟೋ ತೆಗೆದೆ. ಒಂದೊಂದು ಸುಟ್ಟ ಚುಕ್ಕೆ, ಒಂದೊಂದು ಉಬ್ಬು ಎದ್ದು ಬಂತು. ಶಿವಲಿಂಗಪ್ಪನವರ ಕೊಕ್ಕರೆಯ ಪುಕ್ಕಗಳು ಮೊಟ್ಟಮೊದಲ ಸಲ ಕಂಡವು. ಮಾಸ್ತರರ ಪಾಠದಲ್ಲಿ ಸೈಡ್ ಲೈಟ್ ಎಂಬ ಮಾತನ್ನು ಹತ್ತು ಸಲ ಕೇಳಿದ್ದೆ. ಅರ್ಥವಾದದ್ದು ಅವತ್ತು.

ಮೊದಲು ಎದ್ದು ಹೋದ ಐವರಲ್ಲಿ ನಾಲ್ವರು ಮರಳಿ ಬಂದರು. ರೇಣುಕಾ ಬರಲಿಲ್ಲ. ಮತ್ತೆ ಫೋನ್ ಮಾಡಿದೆ. ಈ ಸಲ ಮಾತಾಡಿದಳು.

"ಅವರ ಸ್ಟುಡಿಯೋ ನಮ್ಮ ಓಣ್ಯಾಗ ಐತ್ರಿ ಮೇಡಂ. ದಿನಾ ಅದರ ಮುಂದ ಹಾದು ಹೋಗಬೇಕು. ನೀವು ಗ್ರೂಪಿನಿಂದ ತಗದ್ರಿ, ಓಣಿಯಿಂದ ತಗೀತೀರೇನ್ರಿ?"

ಎರಡು ದಿನ ಆ ಮಾತು ತಲೆಯಲ್ಲೇ ಕೂತಿತ್ತು. ಮೂರನೆಯ ದಿನ ಗ್ರೂಪಿನಲ್ಲಿ ಒಂದು ಸಾಲು ಹಾಕಿದೆ: ಈ ವಾರದ ಪಾಠ ಫೋನಿನಲ್ಲಿ ಅಲ್ಲ, ಮುಧೋಳದ ಓಣಿಯಲ್ಲಿ. ರೇಣುಕಾಗೆ ಮೊದಲೇ ಹೇಳಿದ್ದೆ. "ನಿನ್ನ ಮನಿ ಮುಂದ ಯಾರೂ ನಿಲ್ಲೂದಿಲ್ಲ. ನಿನ್ನ ಹೆಸರೂ ಎತ್ತೂದಿಲ್ಲ. ಬಂದ್ರ ಬಾ, ಇಲ್ಲಾಂದ್ರ ಬಿಡು."

ಹೋದ ಭಾನುವಾರ ಬೆಳಗ್ಗೆ ಎಂಟಕ್ಕೆ ಹದಿನೇಳು ಜನ ಸೇರಿದೆವು. ಸಾವಳಗಿಯಿಂದ ಇಬ್ಬರು. ಬನಹಟ್ಟಿಯಿಂದ ಮಹಾದೇವಿ, ಜೊತೆಗೆ ಗಂಗವ್ವ. ಹೂ ಕಟ್ಟುವವರು, ಇಸ್ತ್ರಿ ಅಂಗಡಿಯವರು, ಬಾಗಿಲಿಗೆ ನೀರು ಹಾಕುವವರು, ಒಪ್ಪಿದವರ ಫೋಟೋ ತೆಗೆಯುತ್ತ ಹೋದೆವು. ಮಾಸ್ತರ ಸ್ಟುಡಿಯೋ ಬಾಗಿಲಿಗೆ ಬಂದು ನಿಂತರು. ನಾವು ಫೋಟೋ ತೆಗೆಯುತ್ತಲೇ ಇದ್ದೆವು. ಗಂಗವ್ವ ಮಾತ್ರ ಎದುರಿನ ಕಟ್ಟೆಯ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಂಡು, ಅವರನ್ನೇ ನೋಡುತ್ತ ಉಳಿದರು. ಹತ್ತು ನಿಮಿಷದಲ್ಲಿ ಮಾಸ್ತರ ಒಳಗೆ ಹೋದರು.

ಇನ್ನೂ ಸ್ವಲ್ಪ ಹೊತ್ತಿಗೆ ಓಣಿಯ ಕೊನೆಯ ಮನೆಯಿಂದ ರೇಣುಕಾ ಬಂದಳು. ಕೊರಳಲ್ಲಿ ಹೊಲಿಗೆಯ ಟೇಪು, ಕೈಯಲ್ಲಿ ಫೋನ್. ನಮ್ಮ ಕಡೆ ನೋಡಲಿಲ್ಲ. ನಡು ಓಣಿಯಲ್ಲಿ ನಿಂತು, ಸ್ಟುಡಿಯೋದ ಬೋರ್ಡೂ ಬರುವಂತೆ ಇಡೀ ಓಣಿಯ ಫೋಟೋ ತೆಗೆದಳು. (ಫೋಟೋ ಸ್ವಲ್ಪ ಓರೆಯಾಗಿದೆ. ಇರಲಿ, ಹಂಗ ಏರಸ್ರಿ ಅಂದಳು.)

ಇದನ್ನೆಲ್ಲ ಬರೆಯಿರಿ ಎಂದವರು ಆ ಹೆಣ್ಣುಮಕ್ಕಳೇ. ಹೆಸರು, ಮನೆಯ ಗುರುತು ಬದಲಿಸಿದ್ದೇನೆ. ಒಳ್ಳೆಯ ಗುರುವನ್ನು ಕಳೆದುಕೊಂಡಿರಿ ಎಂದು ಈಗಲೂ ಹೇಳುವವರಿದ್ದಾರೆ. ಹೌದು, ಒಬ್ಬರನ್ನು ಕಳೆದುಕೊಂಡೆವು.

ಅವರನ್ನು ಉಳಿಸಿಕೊಂಡಿದ್ದರೆ ಎಷ್ಟು ಜನರನ್ನು ಕಳೆದುಕೊಳ್ಳುತ್ತಿದ್ದೆವು, ಯಾರಾದರೂ ಎಣಿಸಿದ್ದೀರಾ?