ಸಾಹುಕಾರರ ಚಪ್ಪಾಳೆ

ಮಾನ್ವಿಯ ನಮ್ಮ ಕಾಕಾನಿಗೆ ರಾಜಕೀಯದ ಸಿನಿಮಾ ಎಂದರೆ ಪ್ರಾಣ. ಪಕ್ಷ ಬದಲಿಸುವ ಮಂತ್ರಿಯ ಕಪಾಳಕ್ಕೆ ನಾಯಕ ಬಾರಿಸುವ ಸಿನಿಮಾ ಟಿವಿಯಲ್ಲಿ ಬಂದಾಗಲೆಲ್ಲ ನಾವಿಬ್ಬರೂ ಊಟ ಬಿಟ್ಟು ನೋಡುತ್ತಿದ್ದೆವು. ಹೋದ ಚುನಾವಣೆಯಲ್ಲಿ, ಸರಿಯಾಗಿ ಆ ದೃಶ್ಯದ ಹೊತ್ತಿಗೇ ನಮ್ಮ ಸಾಹುಕಾರರು ಓಟು ಕೇಳಲು ಬಂದರು. ಅವರೋ ಮೂರು ಪಕ್ಷ ತಿರುಗಿ ಬಂದವರು. ನಾನು ಗಾಬರಿಯಾಗಿ ರಿಮೋಟು ಹುಡುಕಿದೆ. ಕಾಕಾ ಮಾತ್ರ ಕಂಬಳಿ ಹಾಸಿ, "ಕುಂದರ್ರಿ ಸಾಹುಕಾರ್ರ, ಹೊಡ್ಯೋದು ಈಗ ಬರ್ತದ" ಎಂದ.

ಏಟು ಬಿದ್ದಾಗ ನಮಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಸಾಹುಕಾರರೇ. "ಇಂಥಾವ್ರಿಗೆ ಹಿಂಗ ಆಗಬೇಕು ನೋಡ್ರಿ" ಎಂದು ಚಹಾ ಮುಗಿಸಿ ಎದ್ದರು.

ಕಾಕಾ ಬಾಗಿಲತನಕ ಹೋಗಿ ಕೈಮುಗಿದು ಕೇಳಿದ: "ಈ ಸಲ ಯಾವ ಗುರ್ತಿಗೆ ಒತ್ತಬೇಕ್ರಿ?"